ನಿಮಗಿದು ಗೊತ್ತೇ? ಬೆಂಗಳೂರಿನ ಪಗಾರ, ಕಿನ್ನಾಳದ ಲೆಕ್ಕ

ನಿಮ್ಮ ಮನೆಯ ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನಾ? ಅವನ ಪಗಾರ ಕೇಳುವ ಮುಂಚೆ ಇಷ್ಟು ಓದಿಕೊಳ್ಳಿ.

ಬಾಡಿಗೆಯ ಮೇಲಿನ ತೆರಿಗೆ ವಿನಾಯಿತಿಯಲ್ಲಿ ಬೆಂಗಳೂರೂ ನಮ್ಮ ಗೊಂಬೆಗಳ ಊರು ಕಿನ್ನಾಳವೂ ದಶಕಗಳ ಕಾಲ ಒಂದೇ ಸಾಲಿನಲ್ಲಿ ಕೂತಿದ್ದವು! 1962ರ ಆದಾಯ ತೆರಿಗೆ ನಿಯಮಗಳಿಗೆ ಮಹಾನಗರಗಳೆಂದರೆ ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಅಷ್ಟೇ. ಅಲ್ಲಿದ್ದವರಿಗೆ ಸಂಬಳದ ಶೇ 50ರ ಮಿತಿ, ಮಿಕ್ಕ ಊರುಗಳಿಗೆಲ್ಲ ಶೇ 40. ಎಲೆಕ್ಟ್ರಾನಿಕ್ ಸಿಟಿಯ ಎಂಜಿನಿಯರಿಗೂ ಕಿನ್ನಾಳದಲ್ಲಿ ಬಾಡಿಗೆಗಿರುವ ಮೇಷ್ಟ್ರಿಗೂ ಅದೇ ನಲವತ್ತು!

ಅದೇ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಮನೆಬಾಡಿಗೆ ಭತ್ಯೆ ಕೊಡುವಾಗ ಬೇರೆಯದೇ ತಕ್ಕಡಿ ಹಿಡಿಯುತ್ತದೆ. 2024ರ ಜನವರಿಯಿಂದ ಬೆಂಗಳೂರಿಗೆ ಮೂಲವೇತನದ ಶೇ 30, ಹುಬ್ಬಳ್ಳಿಗೆ 20, ಕೊಪ್ಪಳಕ್ಕೆ 10. ಮೂಲವೇತನ 50,000 ಎಂದುಕೊಳ್ಳಿ. ಬೆಂಗಳೂರಿನಲ್ಲಿ 15,000 ಬಂದರೆ ಕೊಪ್ಪಳದಲ್ಲಿ 5,000!

ದೊಡ್ಡ ಊರಿಗೆ ಹೋದರೆ ಹೆಚ್ಚು ದುಡ್ಡು, ಸರಿ. ಸಣ್ಣ ಊರಿಗೆ ಬಂದರೆ? ಅದಕ್ಕೂ ದುಡ್ಡು ಕೊಟ್ಟದ್ದುಂಟು! 2023ರ ಕೊನೆಯಲ್ಲಿ ಇನ್ಫೋಸಿಸ್ ತನ್ನ ಹುಬ್ಬಳ್ಳಿ ಕೇಂದ್ರಕ್ಕೆ ಬರುವವರಿಗೆ ಪ್ರೋತ್ಸಾಹಧನ ಘೋಷಿಸಿತು. ಕೆಳದರ್ಜೆಯವರಿಗೆ ಎರಡು ವರ್ಷದಲ್ಲಿ 1.25 ಲಕ್ಷ, ಮೇಲ್ದರ್ಜೆಯವರಿಗೆ 8 ಲಕ್ಷ ರೂಪಾಯಿವರೆಗೆ. ಊರ ಕಡೆ ಬಾರಪ್ಪಾ ಎಂದು ಅವ್ವ ಪುಕ್ಕಟೆ ಕರೆಯುತ್ತಿದ್ದಳಲ್ಲ!

ತಿಂಗಳ ಬಾಡಿಗೆಯೇ ಇಲ್ಲದ ಬಾಡಿಗೆ ಮನೆ ನೋಡಿದ್ದೀರಾ? ಬೆಂಗಳೂರಿನಲ್ಲಿದೆ, ಹೆಸರು ‘ಭೋಗ್ಯ’. ಒಂದು ದೊಡ್ಡ ಗಂಟು ಕೊಟ್ಟು ಒಳಗೆ ಹೋಗಿ, ಬಿಡುವಾಗ ಅಷ್ಟನ್ನೂ ಎಣಿಸಿಕೊಳ್ಳಿ. ಥೇಟ್ ಇದೇ ಪದ್ಧತಿ ದಕ್ಷಿಣ ಕೊರಿಯಾದಲ್ಲೂ ಇದೆ. ಅಲ್ಲಿ ಇದನ್ನು ‘ಜಾನ್ಸೆ’ ಅನ್ನುತ್ತಾರೆ!

ಅಮೆರಿಕದ ಪಗಾರ ಕೇಳಿ ಬಾಯಿ ಬಿಡಬೇಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಾಲ್ಕು ಜನರ ಕುಟುಂಬದ ವರ್ಷದ ಆದಾಯ 1,17,400 ಡಾಲರ್ ಇದ್ದರೆ, 2018ರಲ್ಲಿ ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಅದು ‘ಕಡಿಮೆ ಆದಾಯ’ದ ಕುಟುಂಬ. ಆಗಿನ ದರದಲ್ಲಿ ಹತ್ತಿರ ಹತ್ತಿರ 80 ಲಕ್ಷ ರೂಪಾಯಿ!

ಇನ್ನು ವೃತ್ತಿ ತೆರಿಗೆ. ಸಂವಿಧಾನವೇ ಇದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಹಾಗಾಗಿ ಕರ್ನಾಟಕದಲ್ಲಿ ತಿಂಗಳಿಗೆ 25,000 ಪಗಾರದವನಿಗೂ 200, ಐದು ಲಕ್ಷದವನಿಗೂ 200. 2025ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಫೆಬ್ರುವರಿಯಲ್ಲಿ ಮಾತ್ರ 300. ನಂಬಿಕೆ ಬರಲಿಲ್ಲವೇ? ಮಗನ ಪೇಸ್ಲಿಪ್ ತರಿಸಿ ನೋಡಿ!