ಉಗ್ರಾಣದ ಬೀಗದ ಕೈ
ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಶಾಲೆಯ ದಿನಚರಿ

ಅವಿಭಕ್ತ ಕುಟುಂಬದಲ್ಲಿ ಉಗ್ರಾಣದ ಬೀಗದ ಕೈ ಯಾರ ಬಳಿ ಇದೆಯೆಂಬುದು ಅಲ್ಪ ವಿಷಯವಲ್ಲ. ಹತ್ತಾರು ಮಂದಿ ಉಣ್ಣುವ ಮನೆಯಲ್ಲಿ ಅಕ್ಕಿ ಅಳೆದು ಕೊಡುವವರೊಬ್ಬರಿರಬೇಕು. ಎಣ್ಣೆ ತೀರುವ ಮೊದಲೇ ತರಿಸಿಡುವವರೊಬ್ಬರಿರಬೇಕು. ಒಡೆದ ಪಾತ್ರೆಗೆ ಬೆಸುಗೆ ಹಾಕಿಸುವ ನೆನಪು ಯಾರಿಗಾದರೂ ಇರಬೇಕು. ಅಡುಗೆ ಚೆನ್ನಾಗಿದ್ದರೆ ಜನ ಅಡುಗೆ ಮಾಡಿದವರನ್ನು ಹೊಗಳುತ್ತಾರೆ. ಉಗ್ರಾಣ ನೋಡಿಕೊಂಡವರನ್ನು ನೆನೆಯುವವರು ವಿರಳ.

ವಿಜ್ಞಾನದ ದೊಡ್ಡ ಮನೆಗಳ ಸಂಸಾರವೂ ಇದಕ್ಕಿಂತ ಬೇರೆಯಲ್ಲ. ವಿಶ್ವವಿದ್ಯಾಲಯದ ಒಂದು ಪ್ರಯೋಗಶಾಲೆಯನ್ನು ಅನೇಕ ಸಂಶೋಧಕರು ಹಂಚಿಕೊಂಡು ಬಳಸುವಾಗ, ಉಪಕರಣ ಯಾರಿಗೆ, ಎಷ್ಟು ಹೊತ್ತು, ಕೆಟ್ಟರೆ ಸರಿಪಡಿಸುವವರು ಯಾರು ಎಂಬ ಪ್ರಶ್ನೆಗಳು ಪ್ರತಿದಿನ ಏಳುತ್ತವೆ. ಇವಕ್ಕೆ ಉತ್ತರ ದೊರೆಯದ ಕಡೆ ಎಂತಹ ಪ್ರತಿಭೆಯೂ ಕೈಕಟ್ಟಿ ಕುಳಿತಿರಬೇಕಾಗುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಕ್ಯಾವೆಂಡಿಷ್ ಪ್ರಯೋಗಶಾಲೆಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಕೂಡಿಟ್ಟ ಬಂಡವಾಳ

ಡೆವನ್‌ಷೈರಿನ ಏಳನೆಯ ಡ್ಯೂಕರಾದ ವಿಲಿಯಂ ಕ್ಯಾವೆಂಡಿಷರ ಔದಾರ್ಯದಿಂದ 1874ರಲ್ಲಿ ಈ ಪ್ರಯೋಗಶಾಲೆ ತೆರೆಯಿತು. ಮೊದಲ ಪ್ರಾಧ್ಯಾಪಕರು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಅವರ ಬಳಿಕ 1879ರಲ್ಲಿ ಬಂದ ಲಾರ್ಡ್ ರೇಲಿಯವರು ಮನೆಯ ಯಜಮಾನನಂತೆ ಮೊದಲು ಉಗ್ರಾಣದ ಕಡೆ ಕಣ್ಣು ಹಾಯಿಸಿದರು. ಉಪಕರಣಗಳ ಕೊರತೆಯನ್ನು ಕಂಡು ನಿಧಿಯೊಂದನ್ನು ಆರಂಭಿಸಿ, ಸ್ವಂತದ್ದಾಗಿ 500 ಪೌಂಡುಗಳನ್ನು ಇಟ್ಟರು. ಡ್ಯೂಕರು ಮತ್ತೆ 500 ಪೌಂಡು ನೀಡಿದರು. ಇತರರ ನೆರವೂ ಸೇರಿ 1500 ಪೌಂಡುಗಳಾದುವು. ಗ್ಲೇಜ್‌ಬ್ರೂಕ್ ಮತ್ತು ಷಾ ಎಂಬ ಇಬ್ಬರು ತರುಣ ಬೋಧಕರು ವಿದ್ಯಾರ್ಥಿಗಳ ಪ್ರಯೋಗಗಳಿಗೆ ಒಂದು ಕ್ರಮವನ್ನು ಏರ್ಪಡಿಸಿದರು.

1895ರಲ್ಲಿ ಕೇಂಬ್ರಿಜ್ ಹೊಸ ನಿಯಮವೊಂದನ್ನು ಜಾರಿಗೆ ತಂದಿತು. ಬೇರೆ ವಿಶ್ವವಿದ್ಯಾಲಯಗಳ ಪದವೀಧರರೂ ಸಂಶೋಧನೆಗಾಗಿ ಅಲ್ಲಿಗೆ ಬರಬಹುದಾಯಿತು. ಆ ಬಾಗಿಲಿನಿಂದ ಮೊದಲು ಒಳಬಂದವರಲ್ಲಿ ನ್ಯೂಜಿಲೆಂಡಿನ ಅರ್ನೆಸ್ಟ್ ರುದರ್‌ಫರ್ಡ್ ಒಬ್ಬರು. ಮನೆಗೆ ನೆಂಟರು ಹೆಚ್ಚಿದರು. ಪಾತ್ರೆಗಳ ಸಂಖ್ಯೆ ಮಾತ್ರ ಅದೇ ಪ್ರಮಾಣದಲ್ಲಿ ಹೆಚ್ಚಲಿಲ್ಲ. ಪ್ರಯೋಗಶಾಲೆಯ ಆಡಳಿತವೆಂಬ ಸಮಸ್ಯೆ ನಿಜವಾಗಿ ತಲೆಯೆತ್ತಿದ್ದು ಆಗಲೇ.

ಗಾಜು ಊದುವ ಕೈ

ಆಗ ಪ್ರಾಧ್ಯಾಪಕರಾಗಿದ್ದ ಜೆ. ಜೆ. ಥಾಮ್ಸನ್ನರು 1897ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದುದನ್ನು ಶಾಲೆಯ ಮಕ್ಕಳೂ ಬಲ್ಲರು. ಆ ಪ್ರಯೋಗದ ಗಾಜಿನ ನಳಿಗೆಗಳನ್ನು ಊದಿ ರೂಪಿಸಿದ ಎಬೆನೀಜರ್ ಎವರೆಟ್ ಎಂಬ ಸಹಾಯಕನ ಹೆಸರನ್ನು ಬಲ್ಲವರು ಕಡಮೆ. ಥಾಮ್ಸನ್ನರ ಬುದ್ಧಿ ಎಷ್ಟು ಸೂಕ್ಷ್ಮವೋ ಕೈ ಅಷ್ಟೇ ಒರಟು. ಅವರು ಉಪಕರಣವನ್ನು ಮುಟ್ಟದಂತೆ ನೋಡಿಕೊಳ್ಳುವುದೂ ಎವರೆಟ್ಟನ ಕರ್ತವ್ಯಗಳಲ್ಲಿ ಒಂದಾಗಿತ್ತು! ಒಳಗಿನ ಗಾಳಿಯನ್ನೆಲ್ಲ ಹೊರಸೆಳೆದ ಗಾಜಿನ ಬುರುಡೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಹಲವು ದಿನಗಳ ದುಡಿಮೆ ಮಣ್ಣುಪಾಲು. ಅಂಥಲ್ಲಿ ಗಾಜು ಊದುವವನ ಉಸಿರು ಪ್ರಾಧ್ಯಾಪಕರ ಗಣಿತದಷ್ಟೇ ಬೆಲೆಯುಳ್ಳದ್ದಾಗಿತ್ತು.

ಆರು ಗಂಟೆಗೆ ಬಾಗಿಲು

1919ರಲ್ಲಿ ರುದರ್‌ಫರ್ಡ್ ಅವರೇ ಕ್ಯಾವೆಂಡಿಷಿನ ಒಡೆತನಕ್ಕೆ ಬಂದರು. ಅವರ ಕಾಲದ ದಿನಚರಿ ಮೂರು ಕಟ್ಟುಗಳ ಮೇಲೆ ನಿಂತಿತ್ತು.

ಮೊದಲನೆಯದು ತರಬೇತಿ. ಹೊಸದಾಗಿ ಬಂದ ತರುಣನನ್ನು ನೇರವಾಗಿ ಬೆಲೆಬಾಳುವ ಉಪಕರಣದ ಮುಂದೆ ಕೂರಿಸುತ್ತಿರಲಿಲ್ಲ. ಕಟ್ಟಡದ ಅಟ್ಟದಲ್ಲಿದ್ದ ಕೊಠಡಿಯಲ್ಲಿ ನಿರ್ವಾತವನ್ನು ಉಂಟುಮಾಡುವುದು, ಸೋರಿಕೆಯನ್ನು ಪತ್ತೆಹಚ್ಚುವುದು, ವಿಕಿರಣವನ್ನು ಅಳೆಯುವುದು ಇವನ್ನೆಲ್ಲ ಅವನು ಮೊದಲು ಕಲಿಯಬೇಕಾಗಿತ್ತು. ಆ ಅಟ್ಟಕ್ಕೆ ‘ಶಿಶುವಿಹಾರ’ವೆಂದೇ ಹೆಸರು. ಅದರ ಮೇಲ್ವಿಚಾರಣೆ ಜೇಮ್ಸ್ ಚಾಡ್ವಿಕ್ಕರದು.

ಎರಡನೆಯದು ಉಗ್ರಾಣ. ಅದರ ಒಡೆಯ ಲಿಂಕನ್ ಎಂಬ ಹಿರಿಯ ಸಹಾಯಕ. ತಿರುಪುಮೊಳೆಯಾಗಲಿ ತಂತಿಯ ತುಂಡಾಗಲಿ, ಅವನ ಕೈಯಿಂದ ಹೊರಬೀಳುವುದು ಸುಲಭವಾಗಿರಲಿಲ್ಲ. ‘ಇದು ಏಕೆ? ಇಷ್ಟೇಕೆ?’ ಎಂಬ ವಿಚಾರಣೆಗೆ ಉತ್ತರ ಹೇಳಿದ ಮೇಲೆಯೇ ಸಾಮಾನು. ತರುಣರು ಗೊಣಗಿದರು. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ಮನೆಯಲ್ಲಿ ಉಗ್ರಾಣಿಕನು ಧಾರಾಳಿಯಾದರೆ, ಮೊದಲು ಬಂದವನಿಗೆ ಹಬ್ಬ, ಕೊನೆಗೆ ಬಂದವನಿಗೆ ಉಪವಾಸ!

ಮೂರನೆಯದು ಗಡಿಯಾರ. ಸಂಜೆ ಆರು ಗಂಟೆಗೆ ಪ್ರಯೋಗಶಾಲೆಯ ಬಾಗಿಲು ಮುಚ್ಚಲೇಬೇಕು. ವಿಶೇಷ ಅನುಮತಿಯಿಲ್ಲದೆ ಯಾರೂ ಉಳಿಯಕೂಡದು. ಹಗಲೆಲ್ಲ ದುಡಿದವನು ಸಂಜೆ ಮನೆಯಲ್ಲಿ ಕುಳಿತು, ತಾನು ಕಂಡದ್ದರ ಅರ್ಥವನ್ನು ಯೋಚಿಸಬೇಕೆಂಬುದು ರುದರ್‌ಫರ್ಡರ ಅಭಿಮತ.

ಕಾಯದ ಸರಕು

ಈ ಶಿಸ್ತು ಕೇವಲ ಯಜಮಾನಿಕೆಯ ದರ್ಪವಲ್ಲವೆಂಬುದು ರೇಡಿಯಂನ ಹಂಚಿಕೆಯನ್ನು ನೋಡಿದರೆ ತಿಳಿಯುತ್ತದೆ. ರೇಡಿಯಂ ಬಹು ದುಬಾರಿ. ಅದನ್ನು ಎಲ್ಲರಿಗೂ ಚೂರು ಚೂರಾಗಿ ಕೊಡುವಂತಿರಲಿಲ್ಲ. ಅದನ್ನು ದ್ರಾವಣದಲ್ಲಿ ಒಂದೆಡೆ ಭದ್ರವಾಗಿಟ್ಟು, ಅದರಿಂದ ಹೊಮ್ಮುವ ರೇಡಾನ್ ಅನಿಲವನ್ನು ಮಾತ್ರ ಸೆಳೆದು ಪ್ರಯೋಗಗಳಿಗೆ ಒದಗಿಸುತ್ತಿದ್ದರು. ಹಸುವನ್ನು ಮನೆಯಲ್ಲಿ ಕಟ್ಟಿ ಹಾಲನ್ನಷ್ಟೇ ವರ್ತನೆಗೆ ಕೊಟ್ಟಂತೆ.

ಆದರೆ ಈ ಹಾಲು ಬೇಗ ಒಡೆಯುವ ಹಾಲು. ರೇಡಾನಿನ ಅರ್ಧ ಭಾಗ 3.8 ದಿನಗಳಲ್ಲಿ ಕ್ಷಯಿಸುತ್ತದೆ. ಅದು ಲೋಹದ ಮೇಲೆ ಬಿಡುವ ಲೇಪವನ್ನು ಬಳಸುವ ಪ್ರಯೋಗಗಳಲ್ಲಂತೂ ಅರ್ಧ ಗಂಟೆಯೊಳಗೇ ಶಕ್ತಿ ಕುಂದತೊಡಗುತ್ತದೆ. ಸರಕು ಕೈಗೆ ಬಂದ ಗಳಿಗೆಯಲ್ಲಿ ಉಪಕರಣ ಸಿದ್ಧವಿರಬೇಕು. ಜಿಂಕ್ ಸಲ್ಫೈಡ್ ಪರದೆಯ ಮೇಲಿನ ಕ್ಷೀಣವಾದ ಮಿಂಚುಗಳನ್ನು ಎಣಿಸಬೇಕಾದವನು ಮೊದಲೇ ಕತ್ತಲಲ್ಲಿ ಕುಳಿತು ಕಣ್ಣನ್ನು ಹದಗೊಳಿಸಿಕೊಂಡಿರಬೇಕು. ಆ ಹೊತ್ತಿಗೆ ಪಂಪು ಕೆಟ್ಟರೆ, ಅರಗಿನ ಮುದ್ರೆಯ ಸಂದಿಯಲ್ಲಿ ಗಾಳಿ ನುಸುಳಿದರೆ, ನಷ್ಟ ಅವನೊಬ್ಬನದಲ್ಲ. ಅದೇ ಸರಕಿಗಾಗಿ ಸರದಿಯಲ್ಲಿ ಕಾದಿದ್ದ ಇನ್ನೊಬ್ಬನದೂ ಹೌದು.

ಈ ಸರಕನ್ನು ಸಿದ್ಧಗೊಳಿಸುತ್ತಿದ್ದವನು ರುದರ್‌ಫರ್ಡರ ಸಹಾಯಕ ಜಾರ್ಜ್ ಕ್ರೋ. ಯಜಮಾನರು ಬಂದು ಕುಳಿತುಕೊಳ್ಳುವ ಮೊದಲು ಪ್ರಯೋಗವನ್ನು ಸಜ್ಜುಗೊಳಿಸುವುದೂ ಅವನ ಕೆಲಸ. ವರ್ಷಗಟ್ಟಲೆ ವಿಕಿರಣಶೀಲ ವಸ್ತುಗಳನ್ನು ಹಿಡಿದ ಆ ಕೈಬೆರಳುಗಳು ಅದರ ತಾಪಕ್ಕೆ ಸಿಕ್ಕಿ ಕೆಟ್ಟುವು. ಕ್ಯಾವೆಂಡಿಷಿನ ಲೆಕ್ಕದ ಪುಸ್ತಕಗಳಲ್ಲಿ ಪೌಂಡು ಷಿಲ್ಲಿಂಗುಗಳ ಉಳಿತಾಯ ಕಾಣಬಹುದು. ಕ್ರೋನ ಬೆರಳುಗಳು ಯಾವ ಲೆಕ್ಕದಲ್ಲಿ ಸೇರಬೇಕು? ಒಂದು ಮನೆಯ ಆಡಳಿತವನ್ನು ಅಳೆಯುವಾಗ ಈ ಪ್ರಶ್ನೆಯನ್ನು ಬದಿಗಿರಿಸುವಂತಿಲ್ಲ.

ಮಿತವ್ಯಯದ ಗೆಲುವು, ಮಿತವ್ಯಯದ ಬೆಲೆ

1932 ಕ್ಯಾವೆಂಡಿಷಿನ ಸುವರ್ಣ ವರ್ಷ. ಫೆಬ್ರವರಿಯಲ್ಲಿ ಚಾಡ್ವಿಕ್ಕರು ನ್ಯೂಟ್ರಾನನ್ನು ಸಾರಿದರು. ಅದಕ್ಕೆ ಬೇಕಾದ ಪೊಲೋನಿಯಂ ದೊರೆತ ಬಗೆ ಯಾವ ಗೃಹಿಣಿಗೂ ಮೆಚ್ಚುಗೆಯಾಗುವಂಥದು. ಅಮೆರಿಕದ ಬಾಲ್ಟಿಮೋರಿನ ಕೆಲ್ಲಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಳಸಿ ಮುಗಿದ ರೇಡಾನ್ ನಳಿಗೆಗಳು ಸಹೋದ್ಯೋಗಿ ನಾರ್ಮನ್ ಫೆದರರ ಮೂಲಕ ಕೇಂಬ್ರಿಜನ್ನು ಸೇರಿದುವು. ಅವುಗಳಲ್ಲಿ ಉಳಿದಿದ್ದುದನ್ನು ಚಾಡ್ವಿಕ್ಕರು ಬೇರ್ಪಡಿಸಿಕೊಂಡರು. ಆಸ್ಪತ್ರೆಗೆ ಕಸವಾದದ್ದು ಭೌತವಿಜ್ಞಾನಕ್ಕೆ ರಸವಾಯಿತು. ಏಪ್ರಿಲ್ 14ರಂದು ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ತಮ್ಮ ಯಂತ್ರದಿಂದ ಲಿಥಿಯಂ ಪರಮಾಣುವಿನ ಗರ್ಭವನ್ನು ಒಡೆದರು. ಆ ಮಹಾಯಂತ್ರದ ಕೀಲುಗಳಲ್ಲಿ ಗಾಳಿ ನುಸುಳದಂತೆ ಮೆತ್ತಿದ್ದುದು, ಮಕ್ಕಳು ಗೊಂಬೆ ಮಾಡುವ ಪ್ಲಾಸ್ಟಿಸೀನ್ ಎಂಬ ಮಿದುಮಣ್ಣು!

ಆದರೆ ಮಿತವ್ಯಯಕ್ಕೂ ಒಂದು ಮಿತಿಯುಂಟು. ಅಮೆರಿಕದಲ್ಲಿ ಸೈಕ್ಲೋಟ್ರಾನ್ ಎಂಬ ಹೊಸ ಯಂತ್ರ ತಲೆಯೆತ್ತಿದಾಗ, ಕೇಂಬ್ರಿಜಿಗೂ ಅದು ಬೇಕೆಂದು ಚಾಡ್ವಿಕ್ಕರು ಬಯಸಿದರು. ದೊಡ್ಡ ಖರ್ಚಿನ ದೊಡ್ಡ ಯಂತ್ರಕ್ಕೆ ರುದರ್‌ಫರ್ಡರ ಮನಸ್ಸು ಒಪ್ಪಲಿಲ್ಲ. 1935ರಲ್ಲಿ, ತಮಗೆ ನೊಬೆಲ್ ಪ್ರಶಸ್ತಿ ಬಂದ ವರ್ಷವೇ, ಚಾಡ್ವಿಕ್ಕರು ಲಿವರ್‌ಪೂಲಿಗೆ ಹೊರಟುಹೋಗಿ ಅಲ್ಲಿ ಸೈಕ್ಲೋಟ್ರಾನ್ ಕಟ್ಟುವ ಕೆಲಸಕ್ಕೆ ತೊಡಗಿದರು. ಶಿಶುವಿಹಾರದಿಂದ ಹಿಡಿದು ಹಣಕಾಸಿನವರೆಗೆ ನಿತ್ಯದ ಹೊರೆಯನ್ನು ಹೊತ್ತಿದ್ದ ಕೈ ಮನೆಯನ್ನು ಬಿಟ್ಟಿತು. ಮರುವರ್ಷವೇ, 1936ರಲ್ಲಿ, ಮೋಟಾರು ತಯಾರಕ ಹರ್ಬರ್ಟ್ ಆಸ್ಟಿನ್ 2,50,000 ಪೌಂಡುಗಳ ಕೊಡುಗೆಯಿತ್ತರು. ಹಣ ಬಂದಿತು, ಹೋದವರು ಹಿಂದಿರುಗಲಿಲ್ಲ. 1937ರ ಅಕ್ಟೋಬರಿನಲ್ಲಿ ರುದರ್‌ಫರ್ಡರೂ ಕಣ್ಮರೆಯಾದರು.

ಬೀಗದ ಕೈಯನ್ನು ಹಿಡಿಯುವುದು ಒಂದು ವಿದ್ಯೆಯಾದರೆ, ಬೀಗವನ್ನು ತೆರೆಯಬೇಕಾದ ಹೊತ್ತನ್ನು ಅರಿಯುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ಕ್ಯಾವೆಂಡಿಷನ್ನು ಮೀರಿಸುವವರು ಅಪರೂಪ. ಎರಡನೆಯದರಲ್ಲಿ ಅದೂ ಎಡವಿತು.

1974ರಲ್ಲಿ ಕ್ಯಾವೆಂಡಿಷ್ ಊರ ನಡುವಿನ ಇಕ್ಕಟ್ಟಿನಿಂದ ಪಶ್ಚಿಮ ಭಾಗದ ವಿಶಾಲ ನಿವೇಶನಕ್ಕೆ ಸಾಗಿತು; 2025ರಲ್ಲಿ ಅಲ್ಲಿಯೇ ಇನ್ನೂ ದೊಡ್ಡದಾದ ಹೊಸ ಭವನ ತೆರೆಯಿತು. ಈಗ ವಿಕಿರಣದ ನಡುವೆ ದುಡಿಯುವವರು, ತಮ್ಮ ಮೈಗೆ ತಗುಲಿದ ಪ್ರಮಾಣವನ್ನು ಅಳೆಯುವ ಪುಟ್ಟ ಬಿಲ್ಲೆಯನ್ನು ಧರಿಸುತ್ತಾರೆ. ಹಂಚಿ ಬಳಸುವ ಯಂತ್ರಗಳ ಸರದಿಯನ್ನು ಗಣಕಯಂತ್ರವೇ ಬರೆದಿಡುತ್ತದೆ. ಆದರೂ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಬಂದು ಪಂಪಿನ ಸದ್ದಿಗೆ ಕಿವಿಗೊಟ್ಟು, ‘ಇದು ಇಂದು ಸರಿಯಿಲ್ಲ’ ಎಂದು ಗುರುತಿಸುವ ಮನುಷ್ಯನೊಬ್ಬ ಬೇಕೇ ಬೇಕು. ಪ್ರಶಸ್ತಿಯ ಪಟ್ಟಿಯಲ್ಲಿ ಅವನ ಹೆಸರು ಬರಲಾರದು. ಆದರೆ ಅವನ ಬೆರಳುಗಳು ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವುದು ಆ ಪಟ್ಟಿಯಲ್ಲಿರುವವರ ಮೊದಲ ಋಣ.