ಕೀಮೋ ನಡೆಯುವಾಗ ಆಂಟಿಆಕ್ಸಿಡೆಂಟ್ ಮಾತ್ರೆ ಬೇಕೇ?

ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ಗೊತ್ತಾದರೆ ನೋಡಲು ಬರುವ ಬಂಧುಗಳು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ವಿಟಮಿನ್ ಮಾತ್ರೆಯ ಡಬ್ಬಿ ತಂದರೆ ಇನ್ನೊಬ್ಬರು ಕಲೋಂಜಿ ಎಣ್ಣೆಯ ಕ್ಯಾಪ್ಸೂಲ್ ತರುತ್ತಾರೆ. "ಇದರಲ್ಲಿ ಆಂಟಿಆಕ್ಸಿಡೆಂಟ್ ಇದೆ, ಶಕ್ತಿ ಬರುತ್ತದೆ" ಎನ್ನುತ್ತಾರೆ. ಅವರ ಕಾಳಜಿ ನಿಜವಾದದ್ದೇ. ಆದರೆ ಆಂಟಿಆಕ್ಸಿಡೆಂಟ್ ಆರೋಗ್ಯವಂತ ಜೀವಕೋಶವನ್ನು ಕಾಪಾಡುವಂತೆ ಕ್ಯಾನ್ಸರ್ ಕೋಶವನ್ನೂ ಕಾಪಾಡಬಲ್ಲದು. ಕೀಮೋಥೆರಪಿ ಆರಂಭವಾಗುವ ಮುನ್ನವೇ ನೀವು ಇದನ್ನು ತಿಳಿದಿರಬೇಕು.

ಔಷಧ ಮಾಡುವ ಕೆಲಸ

ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧವು ಕ್ಯಾನ್ಸರ್ ಕೋಶದ ಡಿಎನ್‌ಎಗೆ ಅಂಟಿಕೊಂಡು ಕೋಶ ವಿಭಜನೆಯನ್ನು ತಡೆಯುತ್ತದೆ. ಡಾಕ್ಸೊರುಬಿಸಿನ್ ಡಿಎನ್‌ಎಯನ್ನು ತುಂಡರಿಸುವುದರ ಜೊತೆಗೆ ಫ್ರೀ ರ್‍ಯಾಡಿಕಲ್ ಎಂಬ ಹಾನಿಕಾರಕ ಕಣಗಳನ್ನೂ ಉಂಟುಮಾಡುತ್ತದೆ. ರೇಡಿಯೇಶನ್ ಚಿಕಿತ್ಸೆಯಲ್ಲೂ ಕ್ಯಾನ್ಸರ್ ಕೋಶವನ್ನು ಕೊಲ್ಲುವಲ್ಲಿ ಈ ಕಣಗಳ ಪಾಲು ದೊಡ್ಡದು. ಆಂಟಿಆಕ್ಸಿಡೆಂಟ್‌ಗಳು ಇದೇ ಕಣಗಳನ್ನು ತಣ್ಣಗಾಗಿಸುತ್ತವೆ.

ಕೋಶದೊಳಗಿನ ಕಾವಲು

ನಮ್ಮ ದೇಹ ತಾನೇ ತಯಾರಿಸುವ ಮುಖ್ಯ ಆಂಟಿಆಕ್ಸಿಡೆಂಟ್‌ನ ಹೆಸರು ಗ್ಲುಟಾಥಿಯೋನ್. ಮೂರು ಅಮೈನೋ ಆಮ್ಲಗಳಿಂದಾದ ಇದು ವಿಷವಸ್ತುಗಳಿಗೆ ಅಂಟಿಕೊಂಡು ಅವನ್ನು ನಿರುಪದ್ರವಿಯಾಗಿಸುತ್ತದೆ. ಈ ಅಂಟಿಸುವ ಕೆಲಸವನ್ನು ಚುರುಕುಗೊಳಿಸುವ ಕಿಣ್ವ, ಅಂದರೆ ಎನ್‌ಜೈಮ್, ಗ್ಲುಟಾಥಿಯೋನ್ ಎಸ್-ಟ್ರಾನ್ಸ್‌ಫರೇಸ್. ಯಕೃತ್ತಿನಲ್ಲಿ ಇದು ಹೇರಳವಾಗಿದ್ದು ನಮ್ಮನ್ನು ದಿನವೂ ಕಾಪಾಡುತ್ತದೆ.

ಕ್ಯಾನ್ಸರ್ ಕೋಶಕ್ಕೆ ಕೀಮೋ ಔಷಧವೇ ವಿಷ. ಗ್ಲುಟಾಥಿಯೋನ್ ಹೆಚ್ಚಿರುವ ಕೋಶದಲ್ಲಿ ಸಿಸ್‌ಪ್ಲಾಟಿನ್‌ನ ಒಂದು ಪಾಲು ಡಿಎನ್‌ಎ ತಲುಪುವ ಮೊದಲೇ ಸಿಕ್ಕಿಬೀಳುತ್ತದೆ. ಹೀಗೆ ಸಿಕ್ಕಿದ್ದನ್ನು ಕೋಶದ ಪೊರೆಯಲ್ಲಿರುವ ಪಂಪ್‌ನಂಥ ಪ್ರೋಟೀನ್‌ಗಳು ಹೊರಗೆ ದಬ್ಬುತ್ತವೆ. ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂಬ ಇನ್ನೊಂದು ಕಿಣ್ವವು ಸೈಕ್ಲೋಫಾಸ್ಫಮೈಡ್ ಔಷಧವನ್ನು ನಿಷ್ಕ್ರಿಯಗೊಳಿಸುತ್ತದೆ.

ಒಂದು ಗಡ್ಡೆಯ ಎಲ್ಲ ಕೋಶಗಳಲ್ಲೂ ಈ ರಕ್ಷಣೆ ಒಂದೇ ಸಮನಾಗಿರುವುದಿಲ್ಲ. ಔಷಧ ಕೊಟ್ಟಾಗ ದುರ್ಬಲ ಕೋಶಗಳು ಸಾಯುತ್ತವೆ, ಬಲವಾದ ರಕ್ಷಣೆಯುಳ್ಳವು ಉಳಿದು ಬೆಳೆಯುತ್ತವೆ. ಮೊದಲು ಕುಗ್ಗಿದ ಗಡ್ಡೆ ಆಮೇಲೆ ಅದೇ ಔಷಧಕ್ಕೆ ಬಗ್ಗದಿರಲು ಇದೂ ಒಂದು ಕಾರಣ. ಇದು ರೋಗಿಯ ತಪ್ಪಲ್ಲ. ಇಂಥ ಸಂದರ್ಭದಲ್ಲಿ ವೈದ್ಯರು ಔಷಧ ಬದಲಿಸುತ್ತಾರೆ.

ಮಾತ್ರೆಗಳ ಬಗ್ಗೆ ತಿಳಿದಿರುವುದು

ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ಗೆ ಕೀಮೋ ಪಡೆದ 1,134 ರೋಗಿಗಳ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಚಿಕಿತ್ಸೆಗೆ ಮುನ್ನವೂ ಚಿಕಿತ್ಸೆಯ ಅವಧಿಯಲ್ಲೂ ವಿಟಮಿನ್ ಎ, ಸಿ, ಇ ಮುಂತಾದ ಆಂಟಿಆಕ್ಸಿಡೆಂಟ್ ಮಾತ್ರೆ ಸೇವಿಸಿದವರಲ್ಲಿ ರೋಗ ಮರುಕಳಿಸುವುದು ಹೆಚ್ಚೆಂದು ಕಂಡುಬಂತು. ಅಂಥವರ ಸಂಖ್ಯೆ ಕಡಿಮೆಯಿದ್ದುದರಿಂದ ಇದನ್ನು ಅಂತಿಮ ತೀರ್ಪು ಎನ್ನಲಾಗದು. ಎಚ್ಚರಿಕೆಗೆ ಮಾತ್ರ ಇಷ್ಟು ಸಾಕು. ಗ್ರೀನ್ ಟೀಯ ಸಾರದಲ್ಲಿರುವ ಒಂದು ಅಂಶವು ಬೋರ್ಟೆಜೊಮಿಬ್ ಎಂಬ ಕ್ಯಾನ್ಸರ್ ಔಷಧದ ಪರಿಣಾಮವನ್ನು ತಡೆಯುತ್ತದೆ ಎಂದು ಇಲಿಗಳ ಮೇಲಿನ ಪ್ರಯೋಗಗಳು 2009ರಲ್ಲೇ ತೋರಿಸಿದ್ದವು.

ನೀವು ಮಾಡಬೇಕಾದದ್ದು

• ಹಣ್ಣು, ತರಕಾರಿ, ಖರ್ಜೂರ, ಅಡುಗೆಗೆ ಹಾಕುವ ಚಿಟಿಕೆ ಕಲೋಂಜಿ ಇವುಗಳಿಗೆ ಹೆದರಬೇಡಿ. ವೈದ್ಯರು ಬೇಡವೆಂದದ್ದನ್ನು ಮಾತ್ರ ಬಿಡಿ. ಎಚ್ಚರ ಬೇಕಾದದ್ದು ಮಾತ್ರೆ, ಕ್ಯಾಪ್ಸೂಲ್, ಸಾರಗಳ ದೊಡ್ಡ ಪ್ರಮಾಣದ ಬಗ್ಗೆ.

• ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ, ಹಕೀಮರು ಕೊಟ್ಟ ಮದ್ದನ್ನೂ ಒಂದು ಚೀಲದಲ್ಲಿ ಹಾಕಿ ಕ್ಯಾನ್ಸರ್ ವೈದ್ಯರಿಗೆ ತೋರಿಸಿ. ಬೈಯುತ್ತಾರೆಂದು ಮುಚ್ಚಿಡಬೇಡಿ.

• ವೈದ್ಯರೇ ಬರೆದುಕೊಟ್ಟ ವಿಟಮಿನ್ ನಿಲ್ಲಿಸಬೇಡಿ. ಪೆಮೆಟ್ರೆಕ್ಸೆಡ್ ಎಂಬ ಔಷಧದ ಜೊತೆ ಅದರ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಸಿಡ್ ಮತ್ತು ಬಿ12 ಕೊಡಲೇಬೇಕಾಗುತ್ತದೆ.

• ರೋಗಿಗೆ ಸುಸ್ತಾದರೆ ಅಂಗಡಿಯಿಂದ ಟಾನಿಕ್ ತರುವ ಮೊದಲು ವೈದ್ಯರಿಗೆ ಹೇಳಿ. ರಕ್ತಹೀನತೆ ಇರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆಯಿದೆ.

ರೋಗಿಯನ್ನು ನೋಡಲು ಹೋಗುವವರು ನೀವಾಗಿದ್ದರೆ ಡಬ್ಬಿಯ ಬದಲು ಒಂದು ಹೊತ್ತಿನ ಬಿಸಿ ಊಟ ಕೊಂಡೊಯ್ಯಿರಿ. ಆಸ್ಪತ್ರೆಗೆ ಜೊತೆಗೆ ಬರುವೆನೆಂದು ಹೇಳಿ. ಆ ಮನೆಗೆ ಆಗ ಬೇಕಿರುವುದು ಅದೇ.