ಗಲಾತ್ಯ ಪತ್ರಿಕೆಯ ‘ಸ್ವಾತಂತ್ರ್ಯ’: ಧರ್ಮಶಾಸ್ತ್ರ, ಕೃಪೆ ಮತ್ತು ಸಹಪಂಕ್ತಿ

ಕನ್ನಡದ ಧಾರ್ಮಿಕ ಪರಿಭಾಷೆಯನ್ನು ಕುರಿತ ಚರ್ಚೆಗಳಲ್ಲಿ ಬೈಬಲ್ ಅನುವಾದಗಳಿಗೆ ಸಲ್ಲಬೇಕಾದ ಗಮನ ಸಂದಿಲ್ಲ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ೧೯ನೆಯ ಶತಮಾನದ ಆರಂಭದ ದಶಕಗಳಲ್ಲಿ ಈ ಕಾರ್ಯಕ್ಕೆ ಕೈಹಾಕಿದರು. ಅಂದಿನಿಂದ ಬೆಳೆದುಬಂದ ಅನುವಾದ ಪರಂಪರೆಯಲ್ಲಿ ನೆಲೆಗೊಂಡ ಮೂರು ಪದಗಳು ಇಲ್ಲಿ ನಮಗೆ ಮುಖ್ಯ: ಧರ್ಮಶಾಸ್ತ್ರ, ಕೃಪೆ, ಸ್ವಾತಂತ್ರ್ಯ. ಕ್ರೈಸ್ತನು ಧರ್ಮಶಾಸ್ತ್ರಕ್ಕೆ ಅಧೀನನಲ್ಲ, ಕೃಪೆಗೆ ಅಧೀನ, ಆದುದರಿಂದ ಸ್ವತಂತ್ರ ಎಂಬ ಪ್ರತಿಪಾದನೆ ಈ ಪದಗಳ ಮೂಲಕ ಕನ್ನಡಕ್ಕೆ ಬಂದಿದೆ. ಮೂರೂ ಪದಗಳಿಗೆ ಕನ್ನಡದಲ್ಲಿ ಬೇರೆಯೇ ಆದ ಪೂರ್ವಚರಿತ್ರೆಯಿರುವುದರಿಂದ, ಈ ಮಾತು ನಮ್ಮ ಓದುಗನಿಗೆ ಆಚಾರವನ್ನು ಕಳಚಿಟ್ಟವನ ಸ್ವೇಚ್ಛೆಯಂತೆ ಕೇಳಿಸುವ ಸಂಭವವುಂಟು. ಈ ಪ್ರತಿಪಾದನೆಯ ಮುಖ್ಯ ಆಕರವಾದ ಗಲಾತ್ಯ ಪತ್ರಿಕೆಯಲ್ಲಿ ಸ್ವಾತಂತ್ರ್ಯವೆಂದರೆ ವಾಸ್ತವವಾಗಿ ಏನು, ಮುಂದೆ ಯುರೋಪಿನಲ್ಲಿಯೂ ನಮ್ಮ ಮದರಾಸು ಪ್ರಾಂತದಲ್ಲಿಯೂ ಅದು ಯಾವ ರೂಪ ತಳೆಯಿತು ಎಂಬುದನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಗಲಾತ್ಯವು ಇಂದಿನ ತುರ್ಕಿಯ ಮಧ್ಯಭಾಗದಲ್ಲಿದ್ದ ರೋಮನ್ ಪ್ರಾಂತ. ಇಂದಿನ ಅಂಕಾರಾ ಅದರ ಮುಖ್ಯ ನಗರ. ವಿದ್ವಾಂಸರು ಪತ್ರಿಕೆಯ ಕಾಲವನ್ನು ಸುಮಾರು ಕ್ರಿ.ಶ. ೪೮ರಿಂದ ೫೫ರ ನಡುವೆ ಇರಿಸುತ್ತಾರೆ. ಪೌಲನು ಅಲ್ಲಿ ಕಟ್ಟಿದ ಸಭೆಗಳಲ್ಲಿದ್ದವರು ಬಹುಮಟ್ಟಿಗೆ ಯೆಹೂದ್ಯೇತರರು. ಅವನು ಅಲ್ಲಿಂದ ಹೊರಟ ಮೇಲೆ ಬೇರೆ ಬೋಧಕರು ಬಂದು, ಕ್ರಿಸ್ತನನ್ನು ನಂಬಿದ್ದು ಸರಿ, ಆದರೆ ಅಬ್ರಹಾಮನ ಸಂತತಿಗೆ ಸೇರಬೇಕಾದರೆ ಸುನ್ನತಿಯಾಗಬೇಕು, ಮೋಶೆಯ ವಿಧಿಗಳನ್ನು ಪಾಲಿಸಬೇಕು ಎಂದು ಬೋಧಿಸಿದರು. ಪೌಲನ ಇತರ ಪತ್ರಿಕೆಗಳ ಆರಂಭದಲ್ಲಿ ಸಾಮಾನ್ಯವಾಗಿ ಕಾಣುವ ಕೃತಜ್ಞತೆಯ ಮಾತು ಇಲ್ಲಿಲ್ಲ. ವಂದನೆ ಮುಗಿಯುತ್ತಲೇ ಅವನು ಆಕ್ಷೇಪಣೆಗೆ ತೊಡಗುತ್ತಾನೆ. ಆ ಕೋಪದ ಭರದಲ್ಲಿ ಎದುರಾಳಿಗಳ ವಾದದ ಬಲ ನಮ್ಮ ಕಣ್ಣಿಗೆ ಮರೆಯಾಗಬಾರದು. ಆದಿಕಾಂಡದ ೧೭ನೆಯ ಅಧ್ಯಾಯದಲ್ಲಿ ಸುನ್ನತಿಯು ಅಬ್ರಹಾಮನಿಗೂ ಅವನ ಸಂತತಿಗೂ ನಿತ್ಯವಾದ ಒಡಂಬಡಿಕೆಯ ಗುರುತೆಂದು ವಿಧಿಸಲ್ಪಟ್ಟಿದೆ. ಶಾಸ್ತ್ರಪ್ರಮಾಣವು ಅವರ ಪಕ್ಷದಲ್ಲಿಯೇ ಇದ್ದಿತು. ಪೌಲನ ಉತ್ತರ ಕಾಲಾನುಕ್ರಮವನ್ನು ಅವಲಂಬಿಸಿದೆ. ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದ ಪ್ರಸಂಗ ಅದಕ್ಕೂ ಮೊದಲು, ೧೫ನೆಯ ಅಧ್ಯಾಯದಲ್ಲಿ ಬರುತ್ತದೆ. ಧರ್ಮಶಾಸ್ತ್ರವಾದರೋ ವಾಗ್ದಾನದ ೪೩೦ ವರ್ಷಗಳ ತರುವಾಯ ಬಂದದ್ದು. ಹಿಂದಿನದೇ ಮೂಲ, ಮುಂದಿನದು ಅದನ್ನು ರದ್ದುಪಡಿಸಲಾರದು.

ಆದರೆ ಈ ವಾದಗಳೆಲ್ಲಕ್ಕೂ ಮುಂಚೆ ಪೌಲನು ಒಂದು ಊಟದ ಪ್ರಸಂಗವನ್ನು ಹೇಳುತ್ತಾನೆ. ಪತ್ರಿಕೆಯ ಕೀಲಿಕೈ ಅಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಸಿರಿಯದ ಅಂತಿಯೋಕ್ಯದಲ್ಲಿ ಯೆಹೂದ್ಯ ಮತ್ತು ಯೆಹೂದ್ಯೇತರ ವಿಶ್ವಾಸಿಗಳು ಒಟ್ಟಿಗೆ ಊಟಮಾಡುತ್ತಿದ್ದರು. ಪೇತ್ರನೂ ಅವರೊಡನೆ ಕುಳಿತುಕೊಳ್ಳುತ್ತಿದ್ದನು. ಯೆರೂಸಲೇಮಿನಿಂದ, ಯಾಕೋಬನ ಕಡೆಯಿಂದ, ಕೆಲವರು ಬರುತ್ತಲೇ ಪೇತ್ರನು ಹಿಂಜರಿದು ಬೇರೆಯಾದನು. ಉಳಿದ ಯೆಹೂದ್ಯರೂ ಅವನನ್ನು ಅನುಸರಿಸಿದರು. ಪೌಲನ ಒಡನಾಡಿ ಬಾರ್ನಬನು ಕೂಡ ಅದರ ಸೆಳೆತಕ್ಕೆ ಸಿಕ್ಕಿದನು. ಪೌಲನು ಎಲ್ಲರೆದುರಿಗೇ ಪೇತ್ರನನ್ನು ಆಕ್ಷೇಪಿಸಿದನು. ಇಲ್ಲಿ ಗಮನಿಸತಕ್ಕದ್ದು ಇಷ್ಟು: ಯೆಹೂದ್ಯನು ತನ್ನ ವಿಧಿಗಳನ್ನು ಬಿಡಬೇಕೆಂದು ಪೌಲನು ಹೇಳಲಿಲ್ಲ. ಪಂಕ್ತಿಯಿಂದ ಎದ್ದುಹೋಗುವುದರ ಮೂಲಕ, ಉಳಿದವರು ನಮ್ಮಂತಾಗದ ಹೊರತು ನಮ್ಮವರಲ್ಲ ಎಂಬ ನಿಬಂಧನೆಯನ್ನು ಬಾಯಿಬಿಡದೆಯೇ ಹೇರಿದಂತಾಯಿತೆಂಬುದೇ ಅವನ ಆಕ್ಷೇಪ. ಪಂಕ್ತಿಭೇದವೆಂಬ ಪದ ರೂಢಿಯಲ್ಲಿರುವ ಭಾಷೆಯ ಓದುಗನಿಗೆ ಈ ಪ್ರಸಂಗದ ಕಹಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಪದಗಳ ವಿಚಾರ. ಹೀಬ್ರೂವಿನ ‘ತೋರಾ’ ಎಂದರೆ ಉಪದೇಶ, ಬೋಧೆ. ಕ್ರಿಸ್ತಪೂರ್ವದಲ್ಲಿಯೇ ಗ್ರೀಕಿಗೆ ಅನುವಾದಗೊಂಡಾಗ ಅದು ‘ನೊಮೋಸ್’ ಆಯಿತು. ಈ ಪದಕ್ಕೆ ಕಟ್ಟಳೆ, ರೂಢಿ, ಶಾಸನ ಎಂಬ ಛಾಯೆಗಳಿವೆ. ಕನ್ನಡಕ್ಕೆ ಬಂದಾಗ ಅದು ‘ಧರ್ಮಶಾಸ್ತ್ರ’ವಾಯಿತು. ಮನು, ಯಾಜ್ಞವಲ್ಕ್ಯರ ಸ್ಮೃತಿಗಳಿಗೂ, ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಕ್ಕೂ ಸಲ್ಲುವ ಹೆಸರಿದು. ಎರಡು ಮಜಲು ದಾಟಿ ಬಂದ ಪದದಲ್ಲಿ ಉಪದೇಶದ ಅರ್ಥ ಹಿಂದೆ ಸರಿದು, ವಿಧಿನಿಷೇಧಗಳ ಅರ್ಥ ಮುಂದೆ ನಿಂತಿತು. ಪೌಲನಿಗಾದರೋ ತೋರಾ ಕೆಟ್ಟದ್ದಲ್ಲ. ಅದನ್ನು ಅವನು ‘ಪೈದಗೋಗೋಸ್’ಗೆ ಹೋಲಿಸುತ್ತಾನೆ. ಈ ಗ್ರೀಕ್ ಪದಕ್ಕೆ ಗುರು ಎಂಬ ಅರ್ಥವಿಲ್ಲ. ಮನೆಯ ಹುಡುಗನನ್ನು ಪಾಠಶಾಲೆಗೆ ಕರೆದೊಯ್ದು, ಅವನ ನಡತೆಯ ಮೇಲೆ ಕಣ್ಣಿಡುವ ಆಳು. ಅವನ ಅಧಿಕಾರ ನಿಜವಾದದ್ದೇ, ಆದರೆ ಹುಡುಗನು ವಯಸ್ಕನಾಗುವವರೆಗೆ ಮಾತ್ರ.

‘ಕೃಪೆ’ಯ ಸಂಗತಿ ಇನ್ನೂ ಸೂಕ್ಷ್ಮ. ಮೂಲದ ‘ಖಾರಿಸ್’ ಎಂಬುದಕ್ಕೆ ಅನುಗ್ರಹವೆಂಬ ಅರ್ಥದೊಡನೆ ಕೊಡುಗೆ, ಕೊಡುಗೆಗೆ ಸಲ್ಲುವ ಕೃತಜ್ಞತೆ ಎಂಬ ಅರ್ಥಗಳೂ ಇವೆ. ಕನ್ನಡದ ಕೃಪೆಯಲ್ಲಿ ಕನಿಕರದ ಅಂಶ ಹೆಚ್ಚು, ಕೊಡುಗೆಯ ಅಂಶ ಕಡಿಮೆ. ಪ್ರಾಚೀನ ಜಗತ್ತಿನಲ್ಲಿ ಕೊಡುಗೆಯೆಂಬುದು ಯೋಗ್ಯನಿಗೆ ಸಲ್ಲತಕ್ಕದ್ದು, ಮತ್ತು ಪಡೆದವನನ್ನು ಋಣಬದ್ಧನನ್ನಾಗಿಸತಕ್ಕದ್ದು. ಜಾನ್ ಬಾರ್ಕ್ಲೆ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೆಂದರೆ, ಪೌಲನು ಇವೆರಡರಲ್ಲಿ ಮೊದಲನೆಯದನ್ನು ಮಾತ್ರ ಮುರಿದನೆಂಬುದು. ದೇವರ ಕೊಡುಗೆ ಪಾತ್ರಾಪಾತ್ರ ನೋಡದೆ ಬರುತ್ತದೆ. ಆದರೆ ಪಡೆದವನ ಬಾಳಿನಲ್ಲಿ ಅದು ಪ್ರತಿಫಲಿಸಬೇಕೆಂಬ ನಿರೀಕ್ಷೆ ಉಳಿದೇ ಇದೆ. ಅದೇ ಪತ್ರಿಕೆಯ ಕೊನೆಯ ಅಧ್ಯಾಯಗಳಲ್ಲಿ ನಡತೆಯ ಉಪದೇಶ ಇಷ್ಟೊಂದು ಏಕಿದೆ ಎಂಬ ಹಳೆಯ ಪ್ರಶ್ನೆಗೆ ಇದರಿಂದ ಸಮಾಧಾನ ದೊರೆಯುತ್ತದೆ.

ಊಟದ ಪ್ರಸಂಗದ ಮುಂದಿನ ಕಥೆ ವಿಚಿತ್ರವಾದದ್ದು. ಎರಡನೆಯ ಶತಮಾನದ ಮಾರ್ಸಿಯೋನನು ಗಲಾತ್ಯ ಪತ್ರಿಕೆಗೆ ಅಗ್ರಸ್ಥಾನ ಕೊಟ್ಟು, ಹಳೆಯ ಒಡಂಬಡಿಕೆಯನ್ನೇ ತಳ್ಳಿಹಾಕಿದನು; ಸಭೆ ಅವನನ್ನು ಹೊರಗಿಟ್ಟಿತು. ನಾಲ್ಕನೆಯ ಶತಮಾನದ ಕೊನೆಗೆ ಜೆರೋಮನು, ಅಪೊಸ್ತಲರಿಬ್ಬರೂ ಹೀಗೆ ಜಗಳವಾಡಿರಲಾರರು, ಅದೊಂದು ಹೊಂದಾಣಿಕೆಯ ನಟನೆ ಎಂದು ವ್ಯಾಖ್ಯಾನಿಸಿದನು. ಶಾಸ್ತ್ರದಲ್ಲಿ ಸುಳ್ಳಿಗೆ ಎಡೆಮಾಡಿದರೆ ಉಳಿಯುವುದೇನೆಂದು ಅಗಸ್ಟಿನನು ಅದನ್ನು ವಿರೋಧಿಸಿದನು. ಇಬ್ಬರ ನಡುವಣ ಪತ್ರವ್ಯವಹಾರ ವರ್ಷಗಟ್ಟಲೆ ನಡೆಯಿತು. ಆ ಹೊತ್ತಿಗೆ ಊಟದ ಪಂಕ್ತಿ ಮರೆತುಹೋಗಿ, ಅಪೊಸ್ತಲರ ಮರ್ಯಾದೆ ವಿಷಯವಾಗಿತ್ತು.

ಮಾರ್ಟಿನ್ ಲೂಥರನಿಗೆ ಈ ಪತ್ರಿಕೆ ಅತ್ಯಂತ ಪ್ರಿಯವಾದದ್ದು. ತನ್ನ ಹೆಂಡತಿಯ ಹೆಸರಿನಿಂದಲೇ ಅದನ್ನು ಕರೆದನು. ೧೫೨೦ರಲ್ಲಿ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತು ಬರೆದ ಕಿರುಹೊತ್ತಗೆಯಲ್ಲಿ, ವಿಶ್ವಾಸದಲ್ಲಿ ಯಾರಿಗೂ ಅಧೀನನಲ್ಲದವನು ಪ್ರೀತಿಯಲ್ಲಿ ಎಲ್ಲರಿಗೂ ಅಧೀನನೆಂಬ ದ್ವಂದ್ವವನ್ನು ಅವನು ಮಂಡಿಸಿದನು. ಆದರೆ ಆ ಸ್ವಾತಂತ್ರ್ಯದ ನೆಲೆ ಅಂತರಂಗ. ಪಾಪಭೀತಿಯಿಂದ ನಲುಗಿದ ಮನಸ್ಸಾಕ್ಷಿಯ ಬಿಡುಗಡೆ. ಐದೇ ವರ್ಷಗಳಲ್ಲಿ ಇದರ ಪರೀಕ್ಷೆ ನಡೆಯಿತು. ೧೫೨೫ರಲ್ಲಿ ಮೆಮ್ಮಿಂಗೆನ್‌ನಲ್ಲಿ ಸಿದ್ಧವಾದ ರೈತರ ಹನ್ನೆರಡು ಬೇಡಿಕೆಗಳಲ್ಲಿ ಮೂರನೆಯದು, ಕ್ರಿಸ್ತನು ಎಲ್ಲರನ್ನೂ ಬಿಡಿಸಿರುವಾಗ ತಾವು ಒಡೆಯರ ಜೀತದಲ್ಲಿರುವುದು ಸಲ್ಲದೆಂದು ಸಾರಿತು. ಇದು ಕ್ರೈಸ್ತ ಸ್ವಾತಂತ್ರ್ಯವನ್ನು ಕೇವಲ ಶಾರೀರಿಕವಾಗಿ ಮಾಡುತ್ತದೆಂದು ಲೂಥರನು ನಿರಾಕರಿಸಿದನು. ಅಬ್ರಹಾಮನಿಗೂ ದಾಸರಿರಲಿಲ್ಲವೇ ಎಂದು ಕೇಳಿದನು. ಪೌಲನು ಸ್ವಾತಂತ್ರ್ಯಕ್ಕೆ ಸಾಕ್ಷಿಯಾಗಿ ಕರೆದಿದ್ದ ಅಬ್ರಹಾಮನು ಇಲ್ಲಿ ಜೀತಕ್ಕೆ ಸಾಕ್ಷಿಯಾದನು. ಇದಕ್ಕೆ ಪತ್ರಿಕೆಯಲ್ಲಿಯೇ ಎಡೆಯಿಲ್ಲದಿಲ್ಲ: ನಾಲ್ಕನೆಯ ಅಧ್ಯಾಯದ ರೂಪಕದಲ್ಲಿ ಸ್ವತಂತ್ರಳಾದ ಸಾರಳ ಪಕ್ಷ ಗೆಲ್ಲುವುದು ದಾಸಿಯಾದ ಹಾಗರಳನ್ನು ಹೊರಗಟ್ಟುವುದರಿಂದ.

ಅಂತರಂಗದಿಂದ ಪಂಕ್ತಿಗೆ ವ್ಯಾಖ್ಯಾನ ಮರಳಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಲೂಥರನ ಮನಸ್ಸಾಕ್ಷಿಯನ್ನು ಪೌಲನ ಮೇಲೆ ಆರೋಪಿಸಲಾಗಿದೆ ಎಂದು ಕ್ರಿಸ್ಟರ್ ಸ್ಟೆಂಡಾಲ್ ೧೯೬೩ರಲ್ಲಿ ವಾದಿಸಿದರು. ಅಂದಿನ ಯೆಹೂದ್ಯ ಧರ್ಮವೂ ದೇವರ ಕೃಪೆಯಿಂದಲೇ ಆರಂಭವಾಗುತ್ತದೆ, ವಿಧಿಪಾಲನೆ ಒಡಂಬಡಿಕೆಯಲ್ಲಿ ಉಳಿಯುವ ಬಗೆಯೇ ಹೊರತು ಅದನ್ನು ಸಂಪಾದಿಸುವ ಬಗೆಯಲ್ಲ ಎಂದು ಇ. ಪಿ. ಸ್ಯಾಂಡರ್ಸ್ ೧೯೭೭ರ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದರು. ಪೌಲನು ವಿರೋಧಿಸಿದ್ದು ಸುನ್ನತಿ, ಆಹಾರನಿಯಮ, ಸಬ್ಬತ್ತುಗಳು ಜನಾಂಗದ ಗಡಿಕಲ್ಲುಗಳಾಗಿ ನಿಂತದ್ದನ್ನು ಎಂಬುದು ಜೇಮ್ಸ್ ಡನ್ ಅವರ ನಿಲುವು. ೧೯೯೪ರಲ್ಲಿ ಸಂಪಾದಿತವಾಗಿ ಪ್ರಕಟವಾದ ಕುಮ್ರಾನಿನ ಒಂದು ಬರಹದಲ್ಲಿ ‘ತೋರಾದ ಕ್ರಿಯೆಗಳು’ ಎಂಬ ಪ್ರಯೋಗ ದೊರೆತು ಈ ಚರ್ಚೆ ಇನ್ನಷ್ಟು ಬಿರುಸಾಯಿತು. ಕನ್ನಡ ಬೈಬಲ್ಲು ಈ ಪದಗುಚ್ಛಕ್ಕೆ ‘ನೇಮನಿಷ್ಠೆ’ ಎಂದು ಬಳಸಿರುವುದು ಅರ್ಥವತ್ತಾದದ್ದು. ಅದರಲ್ಲಿ ಪುಣ್ಯಸಂಪಾದನೆಗಿಂತ ಆಚಾರಶುದ್ಧಿಯ ಧ್ವನಿಯೇ ಹೆಚ್ಚು. ಹೊಸ ವಿದ್ವಾಂಸರು ಕಷ್ಟಪಟ್ಟು ತಲುಪಿದ ಅರ್ಥದ ಹತ್ತಿರಕ್ಕೆ ಹಳೆಯ ಅನುವಾದಕರು ಭಾಷೆಯ ದಾಕ್ಷಿಣ್ಯದಿಂದಲೇ ಬಂದಿದ್ದರು.

ಈ ಪ್ರಶ್ನೆ ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಯ ರೂಪದಲ್ಲಿ ಎದ್ದಿತು. ಹಳೆಯ ಲೂಥರನ್ ಮಿಷನರಿಗಳು ಸಭೆಯೊಳಗಿನ ಜಾತಿಭೇದವನ್ನು ಬಹುಮಟ್ಟಿಗೆ ಸಹಿಸಿಕೊಂಡಿದ್ದರು. ೧೮೩೩ರಲ್ಲಿ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್, ಸಭೆಗಳಲ್ಲಿ ಜಾತಿಯನ್ನು ಸಂಪೂರ್ಣವಾಗಿ ತೊರೆಯಬೇಕೆಂದು ಸುತ್ತೋಲೆ ಹೊರಡಿಸಿದರು. ತಂಜಾವೂರು ಮತ್ತು ಮದರಾಸಿನ ವೇಪೇರಿಯ ಸಭೆಗಳಲ್ಲಿ ತೀವ್ರ ವಿರೋಧ ಹುಟ್ಟಿತು; ಅನೇಕರು ಸಭೆಯನ್ನೇ ಬಿಟ್ಟರು. ಇದಕ್ಕೂ ಮೊದಲೇ ತಂಜಾವೂರಿನ ಕ್ರೈಸ್ತ ಕವಿ ವೇದನಾಯಕ ಶಾಸ್ತ್ರಿಗಳು ಹೊಸ ಮಿಷನರಿಗಳ ವಿರುದ್ಧ ಬರೆದಿದ್ದರು. ತಮಿಳು ಬೈಬಲಿನ ಮಾತುಗಳನ್ನು ಬದಲಿಸಿದ್ದು, ಜಾತಿಗಳನ್ನು ಬಲವಂತವಾಗಿ ಬೆರೆಸಿದ್ದು, ಹೂವಿನ ಅಲಂಕಾರವನ್ನೂ ತಮಿಳು ಸಂಗೀತವನ್ನೂ ನಿಷೇಧಿಸಿದ್ದು ಅವರ ದೂರುಗಳಾಗಿದ್ದವು. ಹೂವು, ಹಾಡುಗಳ ವಿಷಯದಲ್ಲಿ ಪೌಲನ ತರ್ಕ ಶಾಸ್ತ್ರಿಗಳ ಪಕ್ಷದಲ್ಲಿದೆ. ಯುರೋಪಿಯನ್ನನಾಗದೆ ಕ್ರೈಸ್ತನಾಗಲಾರೆ ಎಂಬುದು ಯೆಹೂದ್ಯನಾಗದೆ ಕ್ರೈಸ್ತನಾಗಲಾರೆ ಎಂಬುದಕ್ಕಿಂತ ಭಿನ್ನವಲ್ಲ. ಪಂಕ್ತಿಯ ವಿಷಯದಲ್ಲಿ ಮಾತ್ರ ಅದು ನಿಸ್ಸಂದಿಗ್ಧವಾಗಿ ಬಿಷಪ್ಪರ ಕಡೆಗಿದೆ. ಶಾಸ್ತ್ರಿಗಳು ಎಲ್ಲವನ್ನೂ ಒಂದೇ ದೂರಿನಲ್ಲಿ ಕಟ್ಟಿದರು. ಮಿಷನರಿಗಳೂ ಒಂದೇ ನಿಷೇಧದಲ್ಲಿ ಕಟ್ಟಿದರು. ೧೮೫೦ರಲ್ಲಿ ಮದರಾಸು ಮಿಷನರಿ ಸಮ್ಮೇಳನವು ಇನ್ನೂ ಮುಂದೆ ಹೋಗಿ, ಯಾವ ಕ್ರೈಸ್ತನೊಡನೆಯಾದರೂ ಉಣ್ಣಲು ಸಿದ್ಧನಲ್ಲದವನು ಜಾತಿ ಬಿಟ್ಟವನಲ್ಲವೆಂದು ನಿರ್ಣಯಿಸಿತು. ಸಹಪಂಕ್ತಿಯೇ ಈಗ ಪ್ರವೇಶಕ್ಕೆ ಅರ್ಹತೆಯಾಯಿತು. ಸುನ್ನತಿಯ ಜಾಗದಲ್ಲಿ ಊಟ ಬಂದು ನಿಂತಿತೆಂದು ಆಕ್ಷೇಪಿಸಬಹುದು. ಆದರೆ ಆ ಮಾತನ್ನು ಪಂಕ್ತಿಯ ಹೊರಗೆ ಕುಳಿತವನು ಆಡಿದರೆ ಒಂದು ಬೆಲೆ, ಎದ್ದುಹೋದವನು ಆಡಿದರೆ ಮತ್ತೊಂದು.

ಬಸವಣ್ಣನವರನ್ನು ಲೂಥರನಿಗೆ ಹೋಲಿಸುವ ರೂಢಿಯೊಂದು ನಮ್ಮಲ್ಲಿದೆ. ಆ ಹೋಲಿಕೆಯಿಂದ ಇಬ್ಬರಿಗೂ ನ್ಯಾಯ ಸಲ್ಲುವುದಿಲ್ಲ. ಹೋಲಿಸಲೇಬೇಕೆಂದಿದ್ದರೆ ಶಬ್ದದ ಮಟ್ಟದಲ್ಲಿ ತೊಡಗುವುದು ಲೇಸು. ಐದನೆಯ ಅಧ್ಯಾಯದಲ್ಲಿ ಸ್ವಾತಂತ್ರ್ಯವನ್ನು ಸ್ವೇಚ್ಛೆಗೆ ನೆಪಮಾಡಬೇಡಿರೆಂದು ಎಚ್ಚರಿಸಿದ ಪೌಲನು, ಒಬ್ಬರಿಗೊಬ್ಬರು ಹೇಗಿರಬೇಕೆಂದು ಹೇಳಲು ಬಳಸುವ ಕ್ರಿಯಾಪದ ದಾಸನಾಗಿ ದುಡಿಯುವುದೆಂಬ ಅರ್ಥದ್ದು. ದಾಸತ್ವಕ್ಕೆ ಮರಳಬೇಡಿರೆಂದು ಆಗತಾನೇ ಹೇಳಿದವನು ಉದ್ದೇಶಪೂರ್ವಕವಾಗಿ ಆರಿಸಿದ ಪದವದು. ಕನ್ನಡದಲ್ಲಿ ಅದು ‘ಸೇವೆ’ಯಾಗಿ ಮೆತ್ತಗಾಗಿದೆ. ಬಸವಣ್ಣನವರು ತಮ್ಮನ್ನು ತೊತ್ತಿನ ಮಗನೆಂದು ಕರೆದುಕೊಂಡ ಭಾಷೆಯಲ್ಲಿ ‘ತೊತ್ತು’ ಎಂಬ ಪದಕ್ಕೆ ಕೊರತೆಯಿರಲಿಲ್ಲ. ಅನುವಾದಕರು ಅದನ್ನು ಏಕೆ ಆಯ್ದುಕೊಳ್ಳಲಿಲ್ಲವೆಂಬುದನ್ನು, ಬಳ್ಳಾರಿಯ ಪಾಠದಿಂದ ಮುಂದಿನ ಪರಿಷ್ಕರಣಗಳವರೆಗೆ ಈ ಒಂದು ವಾಕ್ಯವನ್ನು ಬೆನ್ನಟ್ಟಿ, ಯಾರಾದರೂ ಪರಿಶೀಲಿಸಬೇಕಾಗಿದೆ. ಅದರೊಡನೆ ತಮಿಳು, ತೆಲುಗು, ಮರಾಠಿ ಪಾಠಗಳನ್ನೂ ಇಟ್ಟು ನೋಡುವ ಅನುಕೂಲ ರಾಜ್ಯದ ಹೊರಗಿರುವ ಕನ್ನಡ ಸಂಶೋಧಕರಿಗೆ ಹೆಚ್ಚಾಗಿಯೇ ಇದೆ.